ಡಿ-ಅಡಿಕ್ಷನ್ ಸೆಂಟರ್‌ಗೆ ಫೋನ್ ಮಾಡಿ ‘ಇಂಥವರು ಅಲ್ಲಿದ್ದಾರಾ’ ಅಂದರೆ ಏನು ಹೇಳಬೇಕು?

ಪ್ರಶ್ನೆ | ಆಡಳಿತ_ವಿಭಾಗ
ಜಿಲ್ಲಾ ಕೇಂದ್ರದಲ್ಲಿರೋ 15 ಹಾಸಿಗೆಯ ವ್ಯಸನಮುಕ್ತಿ ಕೇಂದ್ರ. ಊರು ಸಣ್ಣದು, ಕೌಂಟರ್‌ನಲ್ಲಿ ಕೂತವರಿಗೂ ಬಾಗಿಲಿಗೆ ಬಂದವರಿಗೂ ಪರಿಚಯ ಇದ್ದೇ ಇರುತ್ತೆ. ಸಿಬ್ಬಂದಿಗೆ ನಿಯಮ ಬರೆದುಕೊಡಬೇಕು. ನೆಂಟರು, ಆಫೀಸಿನವರು, ಪೊಲೀಸರು ಕೇಳಿದಾಗ ಏನು ಹೇಳಬೇಕು? ಹೆಂಡತಿಗೆ ಎಷ್ಟು ಹೇಳಬಹುದು? ರಜೆಗೆ ಸರ್ಟಿಫಿಕೇಟ್ ಕೇಳಿದರೆ ಕಾಯಿಲೆಯ ಹೆಸರು ಬರೆಯಲೇಬೇಕಾ?

ಉತ್ತರ 1 | ಸಮಾಲೋಚಕ
ಫೋನ್‌ನಲ್ಲಿ ಎಲ್ಲರೂ ಎಡವೋದು ಒಂದೇ ಕಡೆ. ದಾಖಲಾಗದವರ ಬಗ್ಗೆ ಕೇಳಿದರೆ ‘ಇಲ್ಲ ಸಾರ್’, ದಾಖಲಾದವರ ಬಗ್ಗೆ ಕೇಳಿದರೆ ‘ಹೇಳೋಕಾಗಲ್ಲ ಸಾರ್’. ಎರಡು ಹೆಸರು ಕೇಳಿ ನೋಡಿದವನಿಗೆ ಉತ್ತರ ಸಿಕ್ಕಿಬಿಡ್ತು. ಇದ್ದರೂ ಇಲ್ಲದಿದ್ದರೂ ಒಂದೇ ಮಾತು ಹೇಳಿಸಿ: ‘ಇಲ್ಲಿ ಯಾರಿದ್ದಾರೆ, ಯಾರಿಲ್ಲ ಅಂತ ನಾವು ಯಾರಿಗೂ ಫೋನ್‌ನಲ್ಲಿ ಹೇಳೋದಿಲ್ಲ.’ ದಪ್ಪ ಅಕ್ಷರದಲ್ಲಿ ಬರೆದು ಫೋನ್ ಪಕ್ಕ ಅಂಟಿಸಿ. ರಾತ್ರಿ ಪಾಳಿಯ ವಾಚ್‌ಮನ್‌ಗೂ ಬಾಯಿಪಾಠ ಆಗಿರಬೇಕು, ಆ ಹೊತ್ತಲ್ಲಿ ಫೋನ್ ಎತ್ತೋದು ಅವನೇ. ಮನೆಯವರಿಗೆ ದಾಖಲಾದ ದಿನವೇ ನಾಲ್ಕಂಕಿಯ ಗುಟ್ಟಿನ ನಂಬರ್ ಕೊಡಿ. ಅದನ್ನು ಹೇಳಿದವರ ಹತ್ತಿರ ಮಾತ್ರ ಮುಂದಿನ ಮಾತು.

ಹೆಂಡತಿ, ಅಪ್ಪ ಅನ್ನೋ ಕಾರಣಕ್ಕೇ ಎಲ್ಲ ಹೇಳುವಂತಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಮದ್ಯ ಮತ್ತು ಮಾದಕ ವಸ್ತುವಿನ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ, ಹಾಗಾಗಿ ಕಲಂ 23ರ ಗೋಪ್ಯತೆ ನಿಮ್ಮ ರೋಗಿಗೂ ಇದೆ. ಕಲಂ 14ರಂತೆ ರೋಗಿ ನೇಮಿಸಿಕೊಂಡ ಪ್ರತಿನಿಧಿಗೆ, ಆ ಕೆಲಸಕ್ಕೆ ಬೇಕಾದಷ್ಟು ಹೇಳಬಹುದು. ಮಿಕ್ಕವರಿಗೆ ಸಹಿ ಮಾಡಿದ ಒಪ್ಪಿಗೆ ಬೇಕು. ಆ ಫಾರಂನಲ್ಲಿ ‘ನನ್ನ ಮಾಹಿತಿ ಕೊಡಬಹುದು’ ಅಂತ ಒಂದೇ ಸಾಲು ಇದ್ದರೆ ಪ್ರಯೋಜನ ಇಲ್ಲ. ಯಾರಿಗೆ, ಯಾವುದು (ಡಿಸ್ಚಾರ್ಜ್ ದಿನಾಂಕ, ಔಷಧಿ, ಮೂತ್ರ ಪರೀಕ್ಷೆ, ಕೌನ್ಸೆಲಿಂಗ್‌ನಲ್ಲಿ ಆಡಿದ ಮಾತು), ಎಷ್ಟು ದಿನದವರೆಗೆ, ಎಲ್ಲಕ್ಕೂ ಬೇರೆ ಬೇರೆ ಟಿಕ್.

ಸಹಿ ಯಾವಾಗ ಅನ್ನೋದೂ ಮುಖ್ಯ. ಕೊನೆಯ ಸಲ ಕುಡಿದ 48ರಿಂದ 96 ಗಂಟೆಯೊಳಗೆ ಡೆಲಿರಿಯಂ (ದಿಕ್ಕು ತಪ್ಪಿ ಬಡಬಡಿಸೋ ಸ್ಥಿತಿ) ಬರೋ ಸಾಧ್ಯತೆ ಹೆಚ್ಚು. ಕೈ ನಡುಗೋವಾಗ, ದಿಕ್ಕು ತಪ್ಪಿದಾಗ ಹಾಕಿಸಿಕೊಂಡ ಸಹಿಯನ್ನು ಒಪ್ಪಿಗೆ ಅನ್ನೋಕಾಗಲ್ಲ. ಐದಾರನೇ ದಿನ, ವಿತ್‌ಡ್ರಾವಲ್ (ಕುಡಿತ ನಿಲ್ಲಿಸಿದಾಗ ಬರೋ ನಡುಕ, ತಳಮಳ) ಇಳಿದ ಮೇಲೆ ಫಾರಂ ಓದಿ ಹೇಳಿ, ಮತ್ತೊಮ್ಮೆ ಸಹಿ ತಗೊಳ್ಳಿ.

ಉತ್ತರ 2 | ರೆಕಾರ್ಡ್_ರೂಮ್
ಬಾಯಿ ಮುಚ್ಚಿಸೋದು ಸುಲಭ, ಕಾಗದದ ಬಾಯಿ ಮುಚ್ಚಿಸೋದು ಕಷ್ಟ. ಕೌಂಟರ್ ಮೇಲೆ ತೆರೆದಿಟ್ಟ ಓಪಿಡಿ ಪುಸ್ತಕದಲ್ಲಿ ಸಹಿ ಮಾಡೋಕೆ ಬಗ್ಗಿದವನಿಗೆ ಮೇಲಿನ ಇಪ್ಪತ್ತು ಹೆಸರೂ ಕಾಣುತ್ತೆ. ಒಬ್ಬರಿಗೊಂದು ಚೀಟಿ ಕೊಡಿ, ಪುಸ್ತಕ ಒಳಗೆ ಬರ್ಕೊಳ್ಳಿ, ಕರೆಯೋದು ಟೋಕನ್ ನಂಬರಿನಿಂದ. ಫೈಲಿನ ಬೆನ್ನ ಮೇಲೆ ನಂಬರ್ ಮಾತ್ರ. ಕಾಯಿಲೆಯ ಹೆಸರಿನ ಬದಲು ಅದರ ಕೋಡ್ ‘ಎಫ್10.2’ ಅಂತ ಬರೆದರೆ ಯಾರಿಗೂ ಗೊತ್ತಾಗಲ್ಲ ಅಂದ್ಕೋಬೇಡಿ, ಗೂಗಲ್ ಮಾಡಿದರೆ ಮದ್ಯಾವಲಂಬನೆ ಅಂತ ಬರುತ್ತೆ. ತಪ್ಪು ಪ್ರಿಂಟ್ ಆದ ಹಾಳೆ ಗುಜರಿಗೆ ಹೋದರೆ ನಾಳೆ ಕಡ್ಲೆಪುರಿ ಪೊಟ್ಟಣವಾಗಿ ಅದೇ ಬೀದಿಗೆ ವಾಪಸ್. ಸಣ್ಣ ಚೂರು ಮಾಡೋ ಶ್ರೆಡರ್ ತಗೊಳ್ಳಿ. ಬರೀ ಉದ್ದುದ್ದ ಪಟ್ಟಿ ಕತ್ತರಿಸೋದಾದರೆ ಜೋಡಿಸಿ ಓದಬಹುದು.

ಯಾರ ಗಮನಕ್ಕೂ ಬಾರದ್ದು ಯುಪಿಐ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ‘ಇಂಥ ವ್ಯಸನಮುಕ್ತಿ ಕೇಂದ್ರ’ ಅಂತ ತೋರಿಸಿದರೆ ಅದೇ ಹೆಸರು ಅವರ ಬ್ಯಾಂಕ್ ಸ್ಟೇಟ್‌ಮೆಂಟ್‌ಗೂ ಹೋಗಬಹುದು, ಆ ಸ್ಟೇಟ್‌ಮೆಂಟ್ ನಾಳೆ ಸಾಲದ ಅರ್ಜಿ ಜೊತೆ ಹೋಗುತ್ತೆ. ಬ್ಯಾಂಕಿಗೆ ಹೇಳಿ ಟ್ರಸ್ಟಿನ ಹೆಸರು ಹಾಕಿಸಿ. ಮನೆಯವರ ವಾಟ್ಸಾಪ್ ಗ್ರೂಪ್ ಇದ್ದರೆ ಮುಚ್ಚಿ: ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತೆ. ಬ್ರಾಡ್‌ಕಾಸ್ಟ್ ಲಿಸ್ಟ್ ಪರವಾಗಿಲ್ಲ, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತೆ.

ಉತ್ತರ 3 | ವಾರ್ಡ್_ನರ್ಸ್
ಫೈಲಿನ ಬೆನ್ನಿಗೆ ನಂಬರ್ ಸರಿ. ಆ ಉತ್ಸಾಹದಲ್ಲಿ ಔಷಧಿ ಚಾರ್ಟಿನಿಂದಲೂ ಹೆಸರು ತೆಗೆದುಬಿಡಬೇಡಿ. 114ಕ್ಕೂ 141ಕ್ಕೂ ಅದಲುಬದಲಾಗಿ ಲೊರಾಜೆಪಾಮ್ (ವಿತ್‌ಡ್ರಾವಲ್ ತಗ್ಗಿಸೋ ಔಷಧಿ) ಹೋದರೆ ಗೋಪ್ಯತೆ ಉಳಿಯುತ್ತೆ, ರೋಗಿ ಉಳಿಯೋದು ಅನುಮಾನ. ಚಾರ್ಟಿನಲ್ಲಿ ಪೂರ್ತಿ ಹೆಸರು, ವಯಸ್ಸು, ನಂಬರ್ ಮೂರೂ ಇರಲಿ. ಚಾರ್ಟ್ ಮಂಚಕ್ಕೆ ನೇತಾಡದೆ ನರ್ಸ್ ಟ್ರಾಲಿಯೊಳಗಿರಲಿ.

ಉತ್ತರ 4 | ಸಮಾಲೋಚಕ
ಒಪ್ಪಿದೆ, ಅದನ್ನ ನಾನೂ ಹೇಳಬೇಕಿತ್ತು. ಇನ್ನು ಪೊಲೀಸರು. ಬಾಯಿಮಾತಿಗೆ ಏನೂ ಕೊಡಬೇಡಿ. ಬರವಣಿಗೆಯಲ್ಲಿ, ಅಪರಾಧ ಸಂಖ್ಯೆ, ಅಧಿಕಾರಿಯ ಸಹಿ ಸಮೇತ ಕೇಳಲಿ. ನಿರ್ಧಾರ ಕೌಂಟರಿನವರದ್ದಲ್ಲ, ಜವಾಬ್ದಾರಿ ಹೊತ್ತ ಮನೋವೈದ್ಯರದ್ದು, ಬೇಕಾದರೆ ವಕೀಲರನ್ನು ಕೇಳಿ. ಪ್ರಾಣಾಪಾಯ, ಇನ್ನೊಬ್ಬರಿಗೆ ಹಿಂಸೆಯ ಭಯ, ಹೈಕೋರ್ಟ್ ಆದೇಶ ಇಂಥವಕ್ಕೆ ಕಲಂ 23ರಲ್ಲೇ ವಿನಾಯಿತಿ ಇದೆ. ಹಿಂಸೆ ತಡೆಯೋಕೆ ಕೊಡುವಾಗಲೂ ಅದಕ್ಕೆ ಬೇಕಾದಷ್ಟೇ, ಇಡೀ ಫೈಲ್ ಅಲ್ಲ. ಶಿಬಿರದ ಸಮಾರೋಪದ ಗುಂಪು ಫೋಟೋ ಪೇಪರಿಗೆ ಕಳಿಸೋ ಚಾಳಿ ಇದ್ದರೆ ಕಲಂ 24 ಓದಿ: ರೋಗಿಯ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಫೋಟೋ ಕೊಡುವಂತಿಲ್ಲ. ಕಾಯ್ದೆ ಮೀರಿದರೆ ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇನ್ನೊಂದು. ಕಲಂ 25ರಂತೆ ರೋಗಿ ತನ್ನ ದಾಖಲೆ ಕೇಳಬಹುದು. ‘ಹೆಂಡತಿ ಹೇಳಿದ್ದು: ಬೀರುವಿನಿಂದ ಒಡವೆ ಕದ್ದು ಮಾರಿದ’ ಅಂತ ಕೇಸ್ ಶೀಟಿನ ನಡುವೆ ಬರೆದಿದ್ದರೆ ಜೆರಾಕ್ಸ್ ಜೊತೆ ಅದೂ ಅವನ ಕೈಸೇರುತ್ತೆ, ಆ ರಾತ್ರಿ ಮನೆಯಲ್ಲಿ ಅವಳ ಗತಿ? ಮನೆಯವರು ಹೇಳಿದ್ದಕ್ಕೆ ಬೇರೆ ಹಾಳೆ ಇಡಿ. ಪ್ರತಿ ಕೊಡೋ ಮುಂಚೆ ಮನೋವೈದ್ಯರು ಅದನ್ನೊಮ್ಮೆ ನೋಡಲಿ. ಇನ್ನೊಬ್ಬರಿಗೆ ಹಾನಿಯಾಗುವಂಥದ್ದನ್ನು ತಡೆಹಿಡಿಯೋಕೆ ಅದೇ ಕಲಮಿನಲ್ಲಿ ಅವಕಾಶ ಇದೆ.

ಉತ್ತರ 5 | ರೆಕಾರ್ಡ್_ರೂಮ್
ಸರ್ಟಿಫಿಕೇಟ್: ‘ವೈರಲ್ ಜ್ವರ’ ಅಂತ ಬರೆಸಬೇಡಿ, ಸುಳ್ಳು ಸರ್ಟಿಫಿಕೇಟ್ ಕೊಟ್ಟ ಡಾಕ್ಟರ ನೋಂದಣಿಗೇ ಕುತ್ತು. ‘ಇಂಥ ದಿನದಿಂದ ಇಂಥ ದಿನದವರೆಗೆ ನನ್ನ ಚಿಕಿತ್ಸೆಯಲ್ಲಿದ್ದರು, ಈಗ ಕೆಲಸಕ್ಕೆ ಯೋಗ್ಯರು’ ಅಂತ ಬರೆಸಿ. ಕಾಯಿಲೆ ಹೆಸರು ಬೇಕೇಬೇಕು ಅಂತ ಆಫೀಸ್ ಹಟ ಹಿಡಿದರೆ ಬರೆಸೋದು ಬಿಡೋದು ರೋಗಿಗೆ ಬಿಟ್ಟದ್ದು. ಕೇಂದ್ರದ ಲೆಟರ್‌ಹೆಡ್‌ನಲ್ಲಿ ಕೊಟ್ಟರೆ ಮಾತ್ರ ಇಷ್ಟೆಲ್ಲ ಮಾಡಿದ್ದು ನೀರುಪಾಲು.

ಆಡಳಿತ_ವಿಭಾಗ
ಟ್ರಸ್ಟಿನ ಲೆಟರ್‌ಹೆಡ್ ಇದೆ. ಸೀಲಿನಲ್ಲಿ ‘ವ್ಯಸನಮುಕ್ತಿ’ ಅಂತಿದೆಯಲ್ಲ?

ರೆಕಾರ್ಡ್_ರೂಮ್
ಆ ಸೀಲ್ ಬೇಡ. ಡಾಕ್ಟರ ಹೆಸರು, ಪದವಿ, ಕೆಎಂಸಿ (ಕರ್ನಾಟಕ ವೈದ್ಯಕೀಯ ಪರಿಷತ್ತು) ನೋಂದಣಿ ಸಂಖ್ಯೆ ಇರೋ ಸೀಲ್ ಸಾಕು. ಕವರ್ ಮೇಲಿನ ‘ಇಂದ’ ವಿಳಾಸವನ್ನೂ ನೋಡ್ಕೊಳ್ಳಿ.