ಡೆಬಿಯನ್‌ನ ‘ಅನ್‌ಸ್ಟೇಬಲ್’ಗೆ ‘ಅಸ್ಥಿರ’ ಅನ್ನಬಹುದೇ?

ಗೆಳೆಯರೇ,

ಶಾಲೆಯ ಲ್ಯಾಬ್‌ಗೆಂದು ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಮೂರು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಡೆಬಿಯನ್‌ನಲ್ಲಿ ಮುಖ್ಯವಾಗಿ ಮೂರು ಕವಲುಗಳಿವೆ: ಅನ್‌ಸ್ಟೇಬಲ್, ಟೆಸ್ಟಿಂಗ್, ಸ್ಟೇಬಲ್. ಹೊಸ ತಂತ್ರಾಂಶ ಮೊದಲು ಅನ್‌ಸ್ಟೇಬಲ್‌ಗೆ ಬರುತ್ತದೆ. ಕೆಲವು ದಿನ ದೊಡ್ಡ ದೋಷ ಕಾಣದಿದ್ದರೆ ಟೆಸ್ಟಿಂಗ್‌ಗೆ ಇಳಿಯುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗೇ ಹೊಸ ಸ್ಟೇಬಲ್ ಆಗುತ್ತದೆ. ನಾನು ಇವುಗಳಿಗೆ ‘ಅಸ್ಥಿರ’, ‘ಪರೀಕ್ಷೆ’, ‘ಸ್ಥಿರ’ ಎಂದು ಬರೆದೆ. ಕರಡು ಓದಿದ ಮೇಷ್ಟರೊಬ್ಬರು ಕೇಳಿದರು: “ಅಸ್ಥಿರ ಅಂತ ಗೊತ್ತಿದ್ದೂ ಜನರಿಗೆ ಯಾಕೆ ಕೊಡ್ತಾರೆ?”

ಅವರ ತಪ್ಪಲ್ಲ. ‘ಅಸ್ಥಿರ ಸರ್ಕಾರ’ ಎಂದರೆ ಇವತ್ತೋ ನಾಳೆಯೋ ಬೀಳುವ ಸರ್ಕಾರ. ಆದರೆ ಡೆಬಿಯನ್‌ನವರು ಹೇಳುವುದು ಬೀಳುವುದರ ಮಾತಲ್ಲ, ಬದಲಾಗುವುದರ ಮಾತು. ಅನ್‌ಸ್ಟೇಬಲ್ ದಿನಾ ಬದಲಾಗುತ್ತದೆ. ಆಗೊಮ್ಮೆ ಈಗೊಮ್ಮೆ ಏನಾದರೂ ಮುರಿಯುವುದೂ ಉಂಟು, ಆದರೂ ಅದನ್ನೇ ದಿನನಿತ್ಯ ಬಳಸುವವರಿದ್ದಾರೆ. ಸ್ಟೇಬಲ್ ಬದಲಾಗುವುದಿಲ್ಲ. ಅದರಲ್ಲಿ ಭದ್ರತೆಯ ತೂತು ಕಂಡರೂ ಸಾಮಾನ್ಯವಾಗಿ ಹೊಸ ಆವೃತ್ತಿ ತರದೆ, ಆ ರಿಪೇರಿಯನ್ನಷ್ಟೇ ಹಳೆಯದಕ್ಕೆ ತೇಪೆ ಹಚ್ಚುತ್ತಾರೆ. ನಿನ್ನೆ ಕಲಿತದ್ದು ನಾಳೆಯೂ ಹಾಗೇ ಇರಲಿ ಎಂಬ ಕಾಳಜಿ ಅದು. ಇಪ್ಪತ್ತು ಕಂಪ್ಯೂಟರ್ ನೋಡಿಕೊಳ್ಳುವ ಮೇಷ್ಟರಿಗೆ ಬೇಕಾದದ್ದು ಇದೇ ಅಲ್ವಾ?

ಈ ಅರ್ಥಕ್ಕೆ ನಮ್ಮ ‘ಸ್ಥಿರ’ ಚೆನ್ನಾಗಿಯೇ ಹೊಂದುತ್ತದೆ. ಸ್ಥಿರಾಸ್ತಿ, ಸ್ಥಿರ ದೂರವಾಣಿ ಎಲ್ಲ ಇದ್ದ ಕಡೆಯೇ ಇರುವಂಥವು. ತೊಂದರೆ ಇರುವುದು ‘ಅ’ ಸೇರಿಸಿದಾಗ ಮಾತ್ರ. ಅದಕ್ಕೇ ‘ಚರ’ ಎಂದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ. ಚರಾಸ್ತಿ, ಸ್ಥಿರಾಸ್ತಿ ಜೋಡಿ ಎಲ್ಲರಿಗೂ ಗೊತ್ತು. ಗಣಿತದ ಪಾಠದಲ್ಲೂ ಚರಾಕ್ಷರ, ಸ್ಥಿರಾಂಕ ಇವೆ. ‘ಚರ ಕವಲು’ ಎಂದರೆ ಯಾರೂ ಹೆದರುವುದಿಲ್ಲ. ಆದರೆ ‘ಚರ’ ಒಂಟಿಯಾಗಿ ನಿಂತರೆ ಅರ್ಥವಾಗುತ್ತದೆಯೇ? ‘ಬದಲಾಗುವ ಕವಲು’ ಎಂದು ಬಿಡಿಸಿ ಬರೆಯುವುದೇ ವಾಸಿಯೇ?

ಇನ್ನೊಂದು ಪದ ‘ಫ್ರೀಜ್’. ಬಿಡುಗಡೆಗೆ ಮುಂಚೆ ಹೊಸದನ್ನು ಸೇರಿಸುವುದನ್ನು ಹಂತಹಂತವಾಗಿ ನಿಲ್ಲಿಸುತ್ತಾರೆ. 13ನೇ ಆವೃತ್ತಿಗೆ ಇದು 2025ರ ಮಾರ್ಚ್‌ನಲ್ಲಿ ಶುರುವಾಯಿತು, ಬಿಡುಗಡೆಯಾದದ್ದು ಆಗಸ್ಟ್ 9ಕ್ಕೆ. ‘ಸ್ತಂಭನ’ ಎಂದರೆ ಆ ಐದು ತಿಂಗಳು ಎಲ್ಲರೂ ಸುಮ್ನೆ ಕೂತಿದ್ದರು ಅನಿಸುತ್ತದೆ. ನಿಜಕ್ಕೂ ದೋಷ ಹುಡುಕಿ ಸರಿಮಾಡುವ ಕೆಲಸ ಆಗಲೇ ಜಾಸ್ತಿ. ‘ಫ್ರೀಜ್’ ಎಂದೇ ಬಿಡೋಣವೆಂದರೆ, ಮಕ್ಕಳಿಗೆ ಅದು ಪರದೆ ಅಲುಗದೆ ನಿಂತುಬಿಡುವುದು.

ನನಗೆ ಹೊಳೆದದ್ದು ‘ಹೆಪ್ಪು’. ಹಾಲಿಗೆ ಹೆಪ್ಪು ಹಾಕಿದ ಮೇಲೆ ಅಮ್ಮ ಪಾತ್ರೆ ಮುಟ್ಟಲು ಬಿಡುತ್ತಿರಲಿಲ್ಲ. ಹೊರಗಿನಿಂದ ಇನ್ನೇನೂ ಬೆರೆಸುವಂತಿಲ್ಲ, ಆದರೆ ಒಳಗೆ ಮೊಸರು ಆಗುತ್ತಲೇ ಇರುತ್ತದೆ. ‘ಹೆಪ್ಪಿನ ಅವಧಿ’ ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಬೇರೆ ಸೀಮೆಗಳಲ್ಲಿ ಹೆಪ್ಪಿಗೆ ಇನ್ನೇನಾದರೂ ಮಾತು ಇದ್ದರೆ ಅದನ್ನೂ ತಿಳಿಸಿ.

ಕೊನೆಯದಾಗಿ ‘ರಿಗ್ರೆಶನ್’. ಹಿಂದೆ ಸರಿಯಿದ್ದದ್ದು ಹೊಸ ಬದಲಾವಣೆಯಿಂದ ಕೆಡುವುದು. ‘ಹಿನ್ನಡೆ’ ಎಂದು ಬರೆದಿದ್ದೇನೆ, ಚುನಾವಣೆಯ ಸುದ್ದಿಯಂತೆ ಕೇಳುತ್ತಿದೆ. ‘ಮರುಕೆಡುಕು’ ಎಂದರೆ ನಡೆದೀತೇ?