ಘಾಟಿ ಹತ್ತುವಾಗ ಮಾತ್ರ ಬ್ರೇಕ್ ಲೈಟ್ ಹತ್ತುತ್ತದೆ, ಆಯಿಲ್ ತುಂಬಿಸಿದರೆ ಸಾಕಾ?

ಹಡಪ್ಸರ್ ಹುಡುಗ:
ಎಲ್ಲರಿಗೂ ನಮಸ್ಕಾರ. ಗಾಡಿ 9 ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, 78,000 ಕಿ.ಮೀ. ಓಡಿದೆ, ಮುಂದೆ ಡಿಸ್ಕ್, ಹಿಂದೆ ಡ್ರಮ್. ಹೋದ ತಿಂಗಳು ಪುಣೆಯಿಂದ ಬೆಳಗಾವಿಗೆ ಹೊರಟಿದ್ದೆವು. ಖಂಬಾಟ್ಕಿ ಘಾಟಿ ಹತ್ತುವಾಗ ಕೆಂಪು ದೀಪ ಹತ್ತಿತು, ಆ ವೃತ್ತದೊಳಗೆ ಆಶ್ಚರ್ಯಸೂಚಕ ಇರುತ್ತಲ್ಲ, ಅದು. ಸಪಾಟು ರಸ್ತೆ ಬಂದ ಮೇಲೆ ಆರಿತು. ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗೇ ಇತ್ತು. ದಾರಿಯಲ್ಲಿ ಒಂದು ಗ್ಯಾರೇಜಿಗೆ ತೋರಿಸಿದೆ. ಅವನು ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಕಮ್ಮಿ ಇದೆ ಅಂತ ಮೇಲಿನ ಗೆರೆವರೆಗೆ ತುಂಬಿ ಕಳಿಸಿದ. ಈಗ ಮತ್ತೆ ಫ್ಲೈಓವರ್ ಹತ್ತುವಾಗ ದೀಪ ಬರುತ್ತಿದೆ, ಆಯಿಲ್ ಡಬ್ಬಿ ನೋಡಿದರೆ ಕೆಳಗಿನ ಗೆರೆ ಹತ್ತಿರ ಬಂದಿದೆ. ಬ್ರೇಕ್ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಗಣೇಶ ಹಬ್ಬಕ್ಕೆ ಊರಿಗೆ ಹೋಗಬೇಕು. ಇನ್ನೊಂದು ಸಲ ತುಂಬಿಸಿಕೊಂಡು ಹೋಗಿ ಬರಬಹುದಾ?

ಪಿಂಪ್ರಿ ರಾವ್:
ಹ್ಯಾಂಡ್‌ಬ್ರೇಕ್ ಸ್ವಿಚ್ ಇರಬಹುದು ರೀ. ನನ್ನದರಲ್ಲಿ ಮಳೆಗಾಲಕ್ಕೆ ತುಕ್ಕು ಹಿಡಿದು ಹೀಗೇ ಆಗಿತ್ತು. ಲೀವರನ್ನು ಕೈಯಲ್ಲಿ ಇನ್ನೂ ಕೆಳಗೆ ಒತ್ತಿ ನೋಡಿ, ದೀಪ ಆರಿದರೆ ಅದೇ. ಇಲ್ಲದಿದ್ದರೆ ಡಬ್ಬಿಯ ಸೆನ್ಸರ್.

ಠಾಣೆ ಕಾಕಾ:
ರಾವ್ ಹೇಳಿದ್ದು ಸರಿ, ಬರೀ ದೀಪದ ತೊಂದರೆ ಆಗಿದ್ದರೆ. ಸೆನ್ಸರ್ ವೈರಿನ ಸಾಕೆಟ್ ಬಿಚ್ಚಿದಾಗ ದೀಪ ಆರಿದರೆ ಬಹುತೇಕ ಕಾರುಗಳಲ್ಲಿ ಸಂಕೇತ ಡಬ್ಬಿಯಿಂದ ಬರುತ್ತಿದೆ ಅಂತ ಅರ್ಥ. ಆದರೆ ಇಲ್ಲಿ ಮಟ್ಟ ನಿಜವಾಗಿ ಇಳಿದಿದೆ, ಸೆನ್ಸರ್ ಸುಳ್ಳು ಹೇಳುತ್ತಿಲ್ಲ.

ತಮ್ಮಾ, ಇನ್ನೊಂದು ಸಲ ತುಂಬಿಸಿಕೊಂಡು ಹೊರಡಬೇಡ. ಬ್ರೇಕ್ ಆಯಿಲ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಡಬ್ಬಿಯಲ್ಲಿ ಕಮ್ಮಿಯಾಯಿತು ಅಂದರೆ ಎರಡೇ ಕಾರಣ. ಒಂದು, ಪ್ಯಾಡ್ ಸವೆದು, ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಪಿಸ್ಟನ್ ಹೊರಗೆ ಬಂದು ಆ ಜಾಗಕ್ಕೆ ದ್ರವ ಹೋಗಿರುತ್ತದೆ. ಇದಕ್ಕೆ ಎಷ್ಟೋ ತಿಂಗಳು ಬೇಕು. ಅಂಥ ಗಾಡಿಗೆ ಸುಮ್ನೆ ಮೇಲಿನ ಗೆರೆವರೆಗೆ ತುಂಬಿದರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಒತ್ತಿದಾಗ ಡಬ್ಬಿ ಉಕ್ಕಿ ಬರುತ್ತದೆ, ಪೇಂಟ್ ಎದ್ದು ಹೋಗುತ್ತದೆ. ಎರಡನೆಯದು ಸೋರಿಕೆ. ಒಂದೇ ತಿಂಗಳಲ್ಲಿ ಮೇಲಿನ ಗೆರೆಯಿಂದ ಕೆಳಗಿನದಕ್ಕೆ ಬಂದಿದೆ ಅಂದರೆ ಎಲ್ಲೋ ಸೋರುತ್ತಿದೆ. ಘಾಟಿಯಲ್ಲಿ ಮಾತ್ರ ದೀಪ ಬಂದಿದ್ದು ಗಾಡಿ ಓರೆಯಾದಾಗ ದ್ರವ ಒಂದು ಕಡೆ ಸರಿದು ಒಳಗಿನ ಫ್ಲೋಟ್ ಕೆಳಗೆ ಬಿದ್ದದ್ದಕ್ಕೆ.

ಬ್ರೇಕ್ ಹಿಡಿಯುತ್ತಿದೆ ಅಂತ ನಂಬಬೇಡ. ಪೆಡಲ್ ಒತ್ತಿದಾಗ ದ್ರವ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಬೇರೆ ಬೇರೆ ಲೈನ್ ಇರುತ್ತವೆ. ಒಂದು ಪೂರ್ತಿ ಹೋದರೂ ಇನ್ನೊಂದು ಅರ್ಧಂಬರ್ಧ ನಿಲ್ಲಿಸುತ್ತದೆ, ಅಷ್ಟೇ. ನಿಂತಲ್ಲೇ ಎಂಜಿನ್ ಚಾಲೂ ಇಟ್ಟು ಪೆಡಲನ್ನು ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿ. ನಿಧಾನಕ್ಕೆ ಕೆಳಗೆ ಇಳಿಯುತ್ತಾ ಹೋದರೆ ಗಾಡಿ ಓಡಿಸಲೇಬೇಡ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸು. ಇಳಿಯದಿದ್ದರೂ ನಾಲ್ಕೂ ಚಕ್ರದ ಒಳಬದಿ ಟಾರ್ಚ್ ಹಾಕಿ ನೋಡು. ಟೈರಿನ ಒಳಗೋಡೆ ಒದ್ದೆ ಇದೆಯಾ? ಮಳೆನೀರಾದರೆ ಒರೆಸಿದ ಮೇಲೆ ಮತ್ತೆ ಬರುವುದಿಲ್ಲ. ಬ್ರೇಕ್ ಆಯಿಲ್ ಆದರೆ ಕೈಗೆ ಜಾರುತ್ತದೆ, ನೀರು ಹಾಕಿದರೆ ಕರಗಿ ಹೋಗುತ್ತದೆ. ಗ್ರೀಸ್ ಅಥವಾ ಎಂಜಿನ್ ಆಯಿಲ್ ಆದರೆ ಕರಗುವುದಿಲ್ಲ.

ಹಡಪ್ಸರ್ ಹುಡುಗ:
ಕಾಕಾ, ಪೆಡಲ್ ಇಳಿಯಲಿಲ್ಲ, ಆದರೆ ಹಿಂದಿನ ಎಡಚಕ್ರದ ಒಳಬದಿ ಒದ್ದೆ! ಓಣಿಯ ಮೆಕ್ಯಾನಿಕ್ ಮನೆಗೇ ಬಂದು ಡ್ರಮ್ ಬಿಚ್ಚಿದ. ಡ್ರಮ್ಮಿನೊಳಗೆ ಶೂ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಹೋಗಿದೆ, ಬ್ರೇಕ್ ಶೂ ಆಯಿಲಿನಲ್ಲಿ ನೆಂದಿದೆ. ಶೂ ತೊಳೆದು ಹಾಕೋಣ ಅನ್ನುತ್ತಿದ್ದಾನೆ.

ಠಾಣೆ ಕಾಕಾ:
ತೊಳೆಯುವುದು ಬೇಡ. ಶೂ ಮೇಲಿನ ಲೈನಿಂಗ್ ಒಳಗೆ ಹೀರಿಕೊಂಡದ್ದು ತೊಳೆದರೆ ಹೋಗುವುದಿಲ್ಲ, ಎಡಕ್ಕೂ ಬಲಕ್ಕೂ ಹಿಡಿತ ಬೇರೆ ಬೇರೆ ಆಗುತ್ತದೆ. ಎರಡೂ ಕಡೆ ಹೊಸ ಶೂ, ಎರಡೂ ಕಡೆ ಹೊಸ ಸಿಲಿಂಡರ್. ಪುಣೆಯ ನಾನಾ ಪೇಠೆಯಲ್ಲಿ ಸಿಗುತ್ತದೆ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗು.

ಹೇಗೂ ಪೈಪಿನೊಳಗೆ ಸೇರಿದ ಏರ್ ತೆಗೆಯಬೇಕು, ಹಾಗೇ ದ್ರವವನ್ನೂ ಪೂರ್ತಿ ಬದಲಿಸು. ಇದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಅದೂ ನಮ್ಮ ಮುಂಬೈ ಕಡೆಯ ಮಳೆಗಾಲ ಅಂದರೆ ಕೇಳಬೇಕೇ. ಡಾಟ್ ಅಂದರೆ ಬ್ರೇಕ್ ದ್ರವದ ದರ್ಜೆ. ಹೊಸ ಡಾಟ್ 3 ಕುದಿಯುವುದು ಕನಿಷ್ಠ 205 ಡಿಗ್ರಿಗೆ, 3.7 ಪರ್ಸೆಂಟ್ ನೀರು ಸೇರಿದರೆ ಅದೇ 140ಕ್ಕೆ ಇಳಿಯಬಹುದು. ಡಾಟ್ 4ಕ್ಕೆ 230 ಮತ್ತು 155. ಬೆಳಗಾವಿಯಿಂದ ಗೋವಾಕ್ಕೆ ಚೋರ್ಲಾ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಹೋದರೆ ಕ್ಯಾಲಿಪರ್ ಕಾದು ಒಳಗೆ ಆವಿ ಏಳುತ್ತದೆ. ಆವಿಯನ್ನು ಎಷ್ಟು ಒತ್ತಿದರೂ ಅದೇ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸುತ್ತಾರೆ, ನಿನ್ನ ಗಾಡಿಯ ಪುಸ್ತಕ ನೋಡು.

ಪಿಂಪ್ರಿ ರಾವ್:
ಡಬ್ಬಿ ಮುಚ್ಚಳದ ಮೇಲೆ ಬರೆದಿರುವ ಡಾಟ್ ನಂಬರೇ ತೆಗೆದುಕೊಳ್ಳಿ. ಡಾಟ್ 5 ಸಿಲಿಕೋನ್, ಇವುಗಳ ಜೊತೆ ಬೆರೆಸುವ ಹಾಗಿಲ್ಲ. 5.1 ಬೇರೆ, ಅದು 4ರ ಜಾತಿಯದ್ದೇ. ಮತ್ತೆ ಎಲ್ಲರೂ ಬ್ರೇಕ್ ಆಯಿಲ್ ಅನ್ನುತ್ತೇವೆ, ಆದರೆ ಅದು ಆಯಿಲ್ ಅಲ್ಲವೇ ಅಲ್ಲ. ನಮ್ಮ ಸೊಸೈಟಿಯಲ್ಲೊಬ್ಬರು ಈ ಹೆಸರು ನಂಬಿ ಪವರ್ ಸ್ಟೀರಿಂಗ್ ಆಯಿಲ್ ಸುರಿದರು. ರಬ್ಬರೆಲ್ಲ ಊದಿಕೊಂಡು ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಎಲ್ಲ ಬದಲಿಸಬೇಕಾಯಿತು.

ಹಡಪ್ಸರ್ ಹುಡುಗ:
ಮುಗಿಯಿತು. ಸಿಲಿಂಡರ್, ಶೂ, ಹೊಸ ಡಾಟ್ 4. ಮೂರು ದಿನದಿಂದ ದಿನಾ ಬೆಳಿಗ್ಗೆ ಡಬ್ಬಿ ನೋಡುತ್ತಿದ್ದೇನೆ, ಗೆರೆ ಕದಲಿಲ್ಲ. ಮುಂದಿನ ಪ್ಯಾಡ್ ಇನ್ನೂ 6 ಮಿ.ಮೀ. ಇದೆಯಂತೆ. ಕಾಲು ಬಾಟ್ಲಿ ಆಯಿಲ್ ಉಳಿದಿದೆ, ಮುಚ್ಚಳಕ್ಕೆ ಟೇಪ್ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ, ಬರುವ ವರ್ಷಕ್ಕಾಗುತ್ತದೆ ಅಲ್ವಾ?

ಠಾಣೆ ಕಾಕಾ:
ಇಲ್ಲ ತಮ್ಮಾ. ಸೀಲ್ ಒಡೆದ ಬಾಟ್ಲಿಯೂ ತೇವ ಎಳೆಯುತ್ತದೆ. ಗ್ಯಾರೇಜಿನವನ ಹಳೆ ಆಯಿಲ್ ಡಬ್ಬಕ್ಕೆ ಕೊಟ್ಟುಬಿಡು.

ಹಡಪ್ಸರ್ ಹುಡುಗ:
450 ರೂಪಾಯಿ ಕೊಟ್ಟಿದ್ದೆ ಕಾಕಾ 😀 ಸರಿ, ಸಂಜೆ ಕೊಟ್ಟು ಬರುತ್ತೇನೆ.