ತೂಕದ ಸಾಫ್ಟ್‌ವೇರ್ ‘ಲೈಸೆನ್ಸ್ ಕೀ ಸರಿಯಿಲ್ಲ’ ಅನ್ನುತ್ತಿದೆ, ಅರ್ಜೆಂಟ್ (ಮಂಡ್ಯ)

ಕಬ್ಬಿನಗಾಡಿ: ನಮ್ಮದು ಮಂಡ್ಯ ಹತ್ತಿರ ಗಾಡಿ ತೂಗುವ ಸಣ್ಣ ವೇಬ್ರಿಡ್ಜ್. ಬೆಳಗ್ಗೆಯಿಂದ ಸಾಫ್ಟ್‌ವೇರ್ ಓಪನ್ ಆಗುತ್ತಿಲ್ಲ. ಕೀ ಹಳೆಯದೇ, ಇನ್ನೂ ಒಂದು ವರ್ಷದ ದುಡ್ಡು ಕಟ್ಟಿದ್ದೇನೆ. ಮಾಡಿಕೊಟ್ಟವರು ಮೈಸೂರಿನವರು, ಫೋನ್ ಎತ್ತುತ್ತಿಲ್ಲ. ಈ ಕಂಪ್ಯೂಟರ್‌ಗೆ ಇಂಟರ್‌ನೆಟ್ ಇಲ್ಲ. ಆನ್ ಮಾಡಿದಾಗ ಎಫ್1 ಒತ್ತಿ ಅಂತ ಬರುತ್ತದೆ, ಒತ್ತಿದರೆ ವಿಂಡೋಸ್ ಬರುತ್ತದೆ. ಗಾಡಿಗಳು ಸಾಲಾಗಿ ನಿಂತಿವೆ. ಅಕ್ಕನ ಮಗ ಗೀಡ್ರಾ ಅನ್ನುವ, ಪ್ರೋಗ್ರಾಂ ಒಳಗೆ ಏನಿದೆ ಅಂತ ತೋರಿಸುವ ಟೂಲ್‌ನಲ್ಲಿ ಸಾಫ್ಟ್‌ವೇರ್ ಬಿಚ್ಚಿ, ಕೀ ಚೆಕ್ ಮಾಡುವ ಜಾಗವನ್ನೇ ಹಾರಿಸಿಬಿಡುತ್ತೇನೆ ಅನ್ನುತ್ತಿದ್ದಾನೆ. ಮಾಡಿಸಲಾ?

ರಾತ್ರಿಪಾಳಿ: ಕೀ ತಯಾರಿಸುವ ಕೀಜೆನ್ ಸಿಗುತ್ತಾ ನೋಡಿ, ಸುಲಭ.

ಸರಸ್ವತಿಪುರಂ: ಎರಡೂ ಬೇಡ ಅಣ್ಣ. ಮೊದಲು ಪರದೆಯ ಕೆಳಗೆ ಬಲಗಡೆ ತಾರೀಖು ನೋಡಿ. ಎಫ್1 ಕೇಳುತ್ತಿದೆ ಅಂದರೆ ಕರೆಂಟ್ ಇಲ್ಲದಾಗ ತಾರೀಖು ಉಳಿಸುವ ಮದರ್‌ಬೋರ್ಡ್ ಬ್ಯಾಟರಿ ಮುಗಿದಿರಬಹುದು. ರಾತ್ರಿ ಮೇನ್ ಸ್ವಿಚ್ ಆಫ್ ಮಾಡುತ್ತೀರಿ ಅಲ್ವಾ? ಬ್ಯಾಟರಿ ಸತ್ತಿದ್ದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಕೀ ಕೊಟ್ಟ ದಿನಕ್ಕಿಂತ ಹಿಂದಿನ ತಾರೀಖು ಕಂಡರೆ ಸಾಫ್ಟ್‌ವೇರ್ ಒಪ್ಪುವುದಿಲ್ಲ.

ಡೇಟಾ ಫೋಲ್ಡರ್ ಮೊದಲು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಸಿಆರ್2032 ಬ್ಯಾಟರಿ ಬದಲಿಸಿ. 3 ವೋಲ್ಟ್‌ನದು, ನಾಣ್ಯದ ಥರ ಇರುತ್ತದೆ. ಆಮೇಲೆ ತಾರೀಖು ಸರಿ ಮಾಡಿ. ವರ್ಷವನ್ನು ಎರಡು ಸಲ ನೋಡಿ. ತಪ್ಪಿ ಮುಂದಿನ ವರ್ಷ ಇಟ್ಟು ಓಪನ್ ಮಾಡಿದರೆ ಕೆಲವು ಸಾಫ್ಟ್‌ವೇರ್ ಅದನ್ನೇ ನೆನಪಿಟ್ಟುಕೊಂಡು ಪೂರ್ತಿ ಲಾಕ್ ಆಗುತ್ತವೆ.

ಕೀಜೆನ್ ಎಲ್ಲ ಕಡೆ ನಡೆಯುವುದಿಲ್ಲ. ನಿಮ್ಮ ಹೆಸರು, ತಾರೀಖು ಸೇರಿಸಿ ಮಾರಿದವರು ತಮ್ಮ ಗುಟ್ಟಿನ ಕೀಯಿಂದ ಸಹಿ ಹಾಕಿದ್ದರೆ, ಸಾಫ್ಟ್‌ವೇರ್ ಒಳಗೆ ಇರುವುದು ಸಹಿ ಪರೀಕ್ಷಿಸುವ ಕೀ ಮಾತ್ರ. ಅದರಿಂದ ಹೊಸ ಸಹಿ ಮಾಡಲು ಆಗದು. ಚೆಕ್ ಹಾರಿಸಬಹುದು, ನಿಜ. ಆದರೆ ನಿಮ್ಮ ತೂಕದ ಚೀಟಿಯನ್ನು ನಂಬಿ ರೈತರು ದುಡ್ಡು ತೆಗೆದುಕೊಳ್ಳುತ್ತಾರೆ. ತಿದ್ದಿದ ಪ್ರೋಗ್ರಾಂನಿಂದ ಬಂದ ತೂಕಕ್ಕೆ ನಾಳೆ ಜಗಳ ಬಂದರೆ ಯಾರು ಉತ್ತರ ಕೊಡುತ್ತಾರೆ?

ನಾನೂ ಇಂಥದೇ ಸಾಫ್ಟ್‌ವೇರ್ ಬರೆಯುತ್ತೇನೆ. ನಾವು ಇಬ್ಬರೇ. ಕೇಬಲ್ ಸಡಿಲ, ಪ್ರಿಂಟರ್ ನಿಂತಿತು ಅಂತ ವರ್ಷಕ್ಕೆ ನಾಲ್ಕು ಸಲ ಬೈಕಿನಲ್ಲಿ ಮಂಡ್ಯಕ್ಕೆ ಬಂದರೆ ಮಾರಿದ ದುಡ್ಡಿನಲ್ಲಿ ಜಾಸ್ತಿ ಉಳಿಯುವುದಿಲ್ಲ. ಅಂಗಡಿ ಬಾಡಿಗೆ ಕಟ್ಟುವುದು ರಿನ್ಯೂವಲ್ ದುಡ್ಡಿನಲ್ಲೇ. ನಿಮ್ಮವರೂ ಈಗ ಯಾರದೋ ವೇಬ್ರಿಡ್ಜ್ ಕೆಳಗೆ ಕೂತಿರಬಹುದು. ಒಂದು ಮೆಸೇಜ್ ಹಾಕಿಡಿ.

ಕಬ್ಬಿನಗಾಡಿ: ತಾರೀಖು 2012 ತೋರಿಸುತ್ತಿತ್ತು ಸರ್! ಬ್ಯಾಟರಿ ಹಾಕಿದೆ, ಹಳೆಯ ಕೀಯಲ್ಲೇ ಓಪನ್ ಆಯಿತು. ಮೂರು ಗಾಡಿ ತೂಗಿ ಕಳಿಸಿದೆ. ಮೈಸೂರಿನವರೂ ಈಗ ಫೋನ್ ಮಾಡಿದರು, ಮಳವಳ್ಳಿಯಲ್ಲಿ ಕೆಲಸದಲ್ಲಿದ್ದರಂತೆ.